ಶಕ್ತಿ ಕಡಿಮೆ ಮಾಡುವ ಔಷಧ

ತಾನೇ ಗಟ್ಟಿ ಎಂದುಕೊಂಡವರೆಲ್ಲ ಇದನ್ನು ಒಮ್ಮೆ ಓದಲೇಬೇಕು...

ಧಾರವಾಡದ ಗರಡಿಯ ಉಸ್ತಾದ್ ಫಕ್ಕೀರಪ್ಪನಿಗೆ ಆ ದಿನ ತಲೆಬುಡ ಒಂದೂ ತಿಳಿಯಲಿಲ್ಲ.

ಮಗಳು ಶಾಂಭವಿ ಐಸಿಯುನಲ್ಲಿದ್ದಳು. ನ್ಯುಮೋನಿಯಾ... ಐದು ದಿನದಿಂದ ಅವಳ ಉಸಿರೆಲ್ಲ ಮಷೀನಿನದು.

ಡಾಕ್ಟರಮ್ಮ ಒಂದು ಕಾಗದ ಮುಂದಿಟ್ಟು ಸಹಿ ಕೇಳಿದರು. ಮೈಯ ರೋಗನಿರೋಧಕ ಶಕ್ತಿಯನ್ನು ಸ್ವಲ್ಪ ತಗ್ಗಿಸುವ ಔಷಧ ಕೊಡಬೇಕಂತೆ!

ತಗ್ಗಿಸುವುದೇ? ಹುಡುಗಿ ಸಾವಿನ ಜೊತೆ ಕುಸ್ತಿ ಹಿಡಿದಿರುವಾಗ?

ಬಾದಾಮಿ, ಹಾಲು, ತುಪ್ಪ ತಿನ್ನಿಸಿ ನೂರಾರು ಹುಡುಗರ ಮೈ ಬೆಳೆಸಿದವನಿಗೆ ಈ ಮಾತು ಗಂಟಲಲ್ಲಿ ಇಳಿಯುವುದಾದರೂ ಹೇಗೆ ಹೇಳಿ...

ಡಾಕ್ಟರಮ್ಮ ಬೇಸರಿಸದೆ ವಿವರಿಸಿದರು. ಆ್ಯಂಟಿಬಯೋಟಿಕ್ ನಡೆದೇ ಇರುತ್ತದೆ, ರೋಗಾಣುಗಳು ಆಗಲೇ ಸೋಲುತ್ತಿವೆ. ಆದರೆ ಅವುಗಳ ಮೇಲೆ ಬಿದ್ದ ರಕ್ತದ ಬಿಳಿ ಕಣಗಳು ನಿಲ್ಲುತ್ತಿಲ್ಲ, ಅವಳ ಶ್ವಾಸಕೋಶವನ್ನೇ ಹೊಡೆಯುತ್ತಿವೆ.

ಅವುಗಳನ್ನು ತಡೆಯುವ ಕಣಗಳೂ ನಮ್ಮೊಳಗೇ ಇರುತ್ತವಂತೆ... ಶಾಂಭವಿಯಲ್ಲಿ ಅವುಗಳ ಬಲ ಸಾಲುತ್ತಿಲ್ಲ. ಈ ಔಷಧ ಅವು ಮಾಡಬೇಕಾದ ಕೆಲಸಕ್ಕೆ ಆಸರೆ.

ಉಸ್ತಾದ್ ತಲೆಯಾಡಿಸಿದ. ಅರ್ಥವಾಗಿ ಅಲ್ಲ... ಏನು ಮಾಡಬೇಕೆಂದು ತೋಚದೆ.

ಅಷ್ಟರಲ್ಲಿ ಹೊರಗಿದ್ದ ಶಿಷ್ಯರಿಗೆ ಸುದ್ದಿ ಮುಟ್ಟಿತು. ನಮ್ಮ ತಂಗಿಯನ್ನು ಕೊಲ್ಲುತ್ತಿದ್ದಾರೆ ಎಂದು ಹತ್ತು ಜನ ಪೈಲ್ವಾನರು ಡಾಕ್ಟರಮ್ಮನನ್ನು ಸುತ್ತುವರಿದರು. ಉಸ್ತಾದನ ಕೈಯೂ ಮೇಲೆದ್ದಿತು.

ಆ ಕೈಯನ್ನು ಹೆಂಡತಿ ಕಲ್ಲವ್ವ ಹಿಡಿದಳು. ಸಾಕು ಎಂದಳು, ಅಷ್ಟೇ. ಶಿಷ್ಯರು ಹಿಂದೆ ಸರಿದರು.

"ಅವರು ಹೇಳಿದ್ದು ನಿನಗರ ತಿಳೀತೇನು?" ಎಂದು ಉಸ್ತಾದ್ ಕೇಳಿದ.

"ನನಗೇನ್ ತಿಳೀತದರಿ... ಆದ್ರ ಮೂವತ್ತು ವರ್ಷದಿಂದ ಈ ಕೈ ಹಿಡಕೋಂತ ಬಂದೀನಿ. ನಾ ಹಿಡೀದಿದ್ರ ನೀವು ಎಂದೋ ಯಾರನ್ನರ ಹೊಡದು ಕೊಂದು ಜೈಲು ಸೇರತಿದ್ರಿ. ನನ್ನ ಮಗಳ ಮೈಯಾಗೂ ಹಂಗ ಹಿಡಿಯೋರು ಒಬ್ಬರು ಬೇಕಾಗ್ಯಾರ. ಸಹಿ ಮಾಡ್ರಿ."

ಮೂವತ್ತು ವರ್ಷ ಅವಳನ್ನು ಅಂಜುಬುರುಕಿ ಎಂದು ನಾಲ್ಕು ಜನರ ಮುಂದೆ ಗೇಲಿ ಮಾಡಿದವನು... ಆಸ್ಪತ್ರೆಯ ವರಾಂಡದಲ್ಲಿ ಮಗುವಿನಂತೆ ಅತ್ತುಬಿಟ್ಟ.

ಔಷಧದ ವಿಷಯ ಅವನಿಗೆ ಆಗಲೂ ಪೂರ್ತಿ ತಿಳಿದಿರಲಿಲ್ಲ. ಹೆಂಡತಿಯ ವಿಷಯ ತಿಳಿದಿತ್ತು. ಸಹಿ ಹಾಕಿದ.

ಅದಾದ ನಾಲ್ಕನೇ ದಿನ ಮಷೀನು ತೆಗೆದರು. ಶಾಂಭವಿ ಕಣ್ಣು ತೆರೆದು, ಸಣ್ಣ ದನಿಯಲ್ಲಿ ಅವ್ವ ಎಲ್ಲಿ ಎಂದು ಕೇಳಿದಳು...

ಹೊಡೆಯುವ ಬಲ ವೈರಿಯನ್ನು ಸೋಲಿಸುತ್ತದೆ, ತಡೆಯುವ ಬಲ ನಮ್ಮವರನ್ನು ಉಳಿಸುತ್ತದೆ.

ನಿಮ್ಮ ಕೈ ಹಿಡಿದು ತಡೆದವರನ್ನು... ನೀವು ಇಷ್ಟು ದಿನ ಏನೆಂದು ಕರೆದಿದ್ದೀರಿ?