ದಂಡಿಯ ಮೇಲಿನ ಮರಿಗಳು

ತೀರಿಕೊಂಡ ಗಂಡ ಸಂಗಮೇಶ್ವರನ ಮಣ್ಣಿಗೆ ಬಂದ ನೆಂಟರೆಲ್ಲ ಊರಿಗೆ ಹೋದ ಮರುದಿನ ಬೆಳಿಗ್ಗೆ, ಬುತ್ತಿಯ ಡಬ್ಬಿ ತೊಳೆಯಲೆಂದು ಭಾಗ್ಯಜ್ಯೋತಿ ಅವನ ಶಾಲೆಯ ಚೀಲಕ್ಕೆ ಕೈ ಹಾಕಿದಾಗ ಹೆಂಗಸಿನ ಓಢಣಿಯೊಂದು ಸಿಕ್ಕಿತು. ಕಪ್ಪು ಬಟ್ಟೆ, ಬಿಳಿ ಅಂಚು, ಅತ್ತರಿನ ವಾಸನೆ. ಯಾರೋ ಅದರ ಮೇಲೆ ಹೊರಳಾಡಿದ ಹಾಗೆ ಉದ್ದಕ್ಕೂ ನೆಲದ ಧೂಳು ಮೆತ್ತಿತ್ತು. ಅವಳಿಗೆ ಅಳು ಬರಲಿಲ್ಲ. ಮೂಸಿದಳು, ಮತ್ತೆ ಮೂಸಿದಳು.

ಅಷ್ಟರಲ್ಲಿ ಅವನ ಜೊತೆಗೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಕರುಣಾ ಬಾಗಿಲಲ್ಲಿ ನಿಂತಿದ್ದಳು. "ಅಕ್ಕಾ, ಸಂಗಮೇಶ್ವರ ಸರ್ ನನ್ನ ಓಢಣಿ ಕೇಳಿ ಒಯ್ದಿದ್ರು."

"ಯಾಕ, ಹೊದ್ಕೊಳ್ಳಲಿಕ್ಕೇನು?" ಭಾಗ್ಯಜ್ಯೋತಿಯ ಮುಷ್ಟಿ ಬಿಗಿಯಾಯಿತು.

"ಹೌದ್ರಿ. ನಿಮಗ ಹೇಳಿಲ್ಲೇನು? ಪಾಠ ಹೇಳ್ಲಿಕ್ಕ ಸರ್ ಕ್ಲಾಸಿನ್ಯಾಗ ಓರ್ಕಾ ತಿಮಿಂಗಿಲ ಆಗಿದ್ರು. ಇದನ್ನ ಹೊದ್ಕೊಂಡು ಶಹಾಬಾದಿ ಫರಸಿ ನೆಲದ ಮ್ಯಾಲ ಹೊಟ್ಟಿಲೆ ತೆವಳಿದ್ರು. ಸೀಲ್ ಪ್ರಾಣಿ ಬ್ಯಾಟಿ ಕಲಿಸ್ಲಿಕ್ಕ ತಾಯಿ ತಿಮಿಂಗಿಲ ಮರೀನ ದಂಡಿಗೆ ದೂಡ್ತದಂತ, ಆಮ್ಯಾಲ ತಾನೇ ತಿರುಗಿ ನೀರಿಗೆ ತರ್ತದಂತ." ಕರುಣಾ ಬಂದ ನಗುವನ್ನು ತಡೆದುಕೊಂಡಳು. "ಎಲ್ಲಾ ಮಕ್ಕಳನ್ನ ದಂಡಿಗೆ ದೂಡೋದ್ರಾಗೇ ಗಂಟಿ ಹೊಡೀತು. ನೀರಿಗೆ ಬರೋದು ನಾಳೆ ಅಂದಿದ್ರು. ಅವು ದಿನಾ ಹೇಳ್ಲಿಕತ್ತಾವ, 'ಟೀಚರ್, ನಾವು ಇನ್ನಾ ದಂಡಿ ಮ್ಯಾಲೇ ಇದ್ದೀವಿ' ಅಂತ."

ಭಾಗ್ಯಜ್ಯೋತಿಯ ಬೆರಳುಗಳು ಒಂದೊಂದಾಗಿ ಸಡಿಲವಾದವು. ಧೂಳು ಜಾಡಿಸದೆ ಓಢಣಿಯನ್ನು ಕರುಣಾಳ ಹೆಗಲಿಗೆ ತಾನೇ ಹೊದಿಸಿದಳು.

"ಲಗೂ ಹೋಗ್ರಿ," ಎಂದಳು. "ಮಕ್ಕಳನ್ನ ನೀರಿಗೆ ತರ್ರಿ."