ಕೂದಲೆಳೆಯಷ್ಟು ಮುಂಚೆ

‘ತಪ್ಪು’ ಎಂದಿತು ಪರದೆ, ಕೆಂಪು ಅಕ್ಷರದಲ್ಲಿ. ಅಕ್ಕ ಮತ್ತೊಂದು ಪೆಟ್ಟು ಹಾಕಿದಳು. ಮತ್ತೆ ‘ತಪ್ಪು’.

ಇಪ್ಪತ್ತು ವರ್ಷ ಇದೇ ಹೋಟೆಲಿನ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದವಳು. ಹಾಡುವವರು ಎಷ್ಟೋ ಮಂದಿ ಬಂದುಹೋದರು. ತಾಳ ಮಾತ್ರ ಇವಳದ್ದೇ. ಬ್ಯಾಂಡಿನವರು ಇವಳಿಗಿಟ್ಟ ಅಡ್ಡಹೆಸರೇ ಗಡಿಯಾರ. ಆ ಗಡಿಯಾರ ಈಗ ದೊಡ್ಡ ಟೀವಿಯ ಮುಂದೆ ನಿಂತು ಆಟದ ಪ್ಲಾಸ್ಟಿಕ್ ತಟ್ಟೆಗಳನ್ನು ಬಡಿಯುತ್ತಿತ್ತು, ಅದೂ ತಪ್ಪುತಪ್ಪಾಗಿ!

ಹೋಟೆಲಿನ ಹೊಸ ಮಾಲೀಕನಿಗೆ ಸಂಗೀತದ ಗಂಧಗಾಳಿ ಇಲ್ಲ. ಆದರೆ ಇವಳ ತಂಗಿ ಈ ಆಟ ಆಡುವ ವಿಡಿಯೋಗಳನ್ನು ನೋಡಿದ್ದ. ಹಾಡಿನ ಜೊತೆ ಮೇಲಿನಿಂದ ಬಣ್ಣದ ಚುಕ್ಕೆಗಳು ಬೀಳುತ್ತವೆ. ಗೆರೆ ಮುಟ್ಟಿದ ಕ್ಷಣಕ್ಕೆ ಸರಿಯಾಗಿ ತಟ್ಟೆ ಬಡಿಯಬೇಕು. ಹುಡುಗಿ ಒಂದು ಚುಕ್ಕೆಯನ್ನೂ ಬಿಡುತ್ತಿರಲಿಲ್ಲ. ಬ್ಯಾಂಡಿಗೆ ಒಬ್ಬರೇ ಡ್ರಮ್ಮಿನವರು ಸಾಕು, ಅಕ್ಕನೋ ತಂಗಿಯೋ ಪರೀಕ್ಷೆ ಮಾಡೇ ಇಟ್ಟುಕೊಳ್ಳೋಣ ಅಂದುಬಿಟ್ಟ. ಅಕ್ಕನ ಹೊಟ್ಟೆಗೆ ಬೆಂಕಿ ಬಿತ್ತು. ತಾಯಿ ಸತ್ತ ಮೇಲೆ ಈ ಡ್ರಮ್ಮಿನ ದುಡಿಮೆಯಲ್ಲೇ ತಾನು ಸಾಕಿ ಬೆಳೆಸಿದ ಹುಡುಗಿ, ತನ್ನ ಜಾಗಕ್ಕೇ ಬಂದು ನಿಂತಿದ್ದಳು.

“ನಾನು ಕೇಳಿರಲಿಲ್ಲ ಅಕ್ಕ, ಅವರೇ ಕರೆದ್ರು” ಅಂದಿದ್ದಳು ತಂಗಿ.

“ಅದಕ್ಕೇನಂತೆ, ಅಭ್ಯಾಸ ಮಾಡು” ಅಂದಿದ್ದಳು ಅಕ್ಕ.

ಮಾಡಿದಳು. ಬೆಳಗಿನಿಂದ ಸಂಜೆಯವರೆಗೆ ಪಟಪಟಪಟ. ನಡುವೆ ಕೆಲವು ದಿನ ಅದೇನಾಯಿತೋ, ಅಂಕ ಪಾತಾಳ ಸೇರಿತು. ಹುಡುಗಿ ಕೋಲು ಎಸೆದು, ಊಟ ಬಿಟ್ಟು ಅತ್ತಳು. ಅಕ್ಕ ತಲೆ ಸವರಿ, “ಬಿಡಬೇಡ, ಕೈ ತಾನೇ ಕೂರುತ್ತೆ” ಅಂದಳು. ಕೈ ಕೂತಿತು. ಅಂಕ ಮತ್ತೆ ನೂರಕ್ಕೆ ನೂರು.

ಆದರೆ ಅಡುಗೆಮನೆಯ ಬಾಗಿಲಲ್ಲಿ ನಿಂತ ಅಕ್ಕನ ಕಿವಿಗೆ ಬೇರೆಯೇ ಕೇಳುತ್ತಿತ್ತು. ತಂಗಿಯ ಒಂದೊಂದು ಪೆಟ್ಟೂ ತಾಳಕ್ಕಿಂತ ಕೂದಲೆಳೆಯಷ್ಟು ಮುಂಚೆ ಬೀಳುತ್ತಿತ್ತು. ನಿಜವಾದ ಡ್ರಮ್ಮಿನ ಮುಂದೆ ಕೂತರೆ ಇಡೀ ಬ್ಯಾಂಡನ್ನೇ ಓಡಿಸಿಬಿಡುವ ಕೈ ಅದು. ಅಕ್ಕ ತಿದ್ದಲಿಲ್ಲ. ಒಳಗೆ ಹೋಗಿ ಪಾತ್ರೆ ತೊಳೆದಳು.

ಇವತ್ತು ವೇದಿಕೆಯ ಮೇಲೆ ಡ್ರಮ್ ಒರೆಸಿ ಸಿದ್ಧವಾಗಿಟ್ಟಿತ್ತು. ಮಾಲೀಕ ಅದರ ಕಡೆ ತಿರುಗಿಯೂ ನೋಡಲಿಲ್ಲ.

“ಅದೆಲ್ಲ ಬೇಡ. ನನ್ನ ಕಿವಿಗೆ ಎಲ್ಲಾ ಒಂದೇ ಧಡಬಡ. ಆಟದಲ್ಲಾದ್ರೆ ಅಂಕ ಕಣ್ಣಿಗೆ ಕಾಣುತ್ತೆ. ಇಬ್ಬರೂ ಇದರಲ್ಲೇ ಬಾರಿಸಿ.”

ಅಕ್ಕ ಥಟ್ಟನೆ ಟೀವಿಯ ಕಡೆ ತಿರುಗಿದಳು. ತಂಗಿ ಆಗಲೇ ಚೀಲದಿಂದ ಮನೆಯ ಆಟದ ಪೆಟ್ಟಿಗೆಯನ್ನು ತೆಗೆದು ಟೀವಿಗೆ ಜೋಡಿಸುತ್ತಿದ್ದಳು.

“ಇದನ್ನ ಯಾಕೆ ತಂದೆ?”

“ಬೆಳಿಗ್ಗೆ ಇವರೇ ಫೋನ್ ಮಾಡಿದ್ರು ಅಕ್ಕ. ಹೇಳಿದ್ರೆ ನೀನು ಬೇಜಾರ್ ಮಾಡ್ಕೋತೀಯ ಅಂತ...”

ತಂಗಿ ಮೊದಲು ಬಾರಿಸಿದಳು. ಪಿಯಾನೊ ನುಡಿಸುವ ಮುದುಕ, ಬ್ಯಾಂಡಿನ ಎಲ್ಲರ ಪಿಯಾನೊ ತಾತ, ಹುಣಸೆಹಣ್ಣು ಕಚ್ಚಿದವನಂತೆ ಮುಖ ಹಿಂಡಿದ. ಪರದೆ ಮಾತ್ರ ನೂರಕ್ಕೆ ನೂರು ಕೊಟ್ಟಿತು. ಆಮೇಲೆ ಅಕ್ಕನ ಸರದಿ: ತಪ್ಪು, ತಪ್ಪು, ತಪ್ಪು. ಕೊನೆಗೆ ಬಂದ ಅಂಕ ಒಂಬತ್ತು. ಮಾಲೀಕ ಗೊಳ್ಳೆಂದು ನಕ್ಕ.

“ಇನ್ನೊಂದು ಸಲ ಕೊಡಿ ಸಾರ್” ಎಂದು ಗೋಗರೆದವಳು ತಂಗಿಯೇ.

ಈ ಸಲ ಅಕ್ಕ ಹಲ್ಲುಕಚ್ಚಿ ತಂಗಿಯ ಹಾಗೇ ಮುಂಚೆ ಮುಂಚೆ ಹೊಡೆಯಲು ನೋಡಿದಳು. ಕೈ ಮಾತು ಕೇಳಲಿಲ್ಲ. ಇಪ್ಪತ್ತು ವರ್ಷ ತಾಳದ ಮೇಲೇ ಬಿದ್ದ ಕೈ, ಎಷ್ಟು ಎಳೆದರೂ ಅಲ್ಲಿಗೇ ಹೋಗಿ ಬೀಳುತ್ತಿತ್ತು. ಬಂದ ಅಂಕ ಏಳು.

ಪಿಯಾನೊ ತಾತ ದಡಬಡಿಸಿ ಎದ್ದುಬಂದ. “ಸ್ವಾಮಿ, ಇವಳ ಪೆಟ್ಟು ಸರಿಯಾಗೇ ಇದೆ! ಕಣ್ಣು ಮುಚ್ಚಿ ಕೇಳಿ ಬೇಕಾದ್ರೆ. ನನ್ನ ಮೊಮ್ಮಗನ ಹತ್ರಾನೂ ಇಂಥದ್ದೇ ಇದೆ. ಟೀವಿಯ ಚಿತ್ರ ತಡವಾಗಿ ಬಂದ್ರೆ ಸರಿತೂಗಿಸೋಕೆ ಒಳಗೊಂದು ಸೆಟ್ಟಿಂಗ್ ಇರುತ್ತೆ. ಅದನ್ನ ಆಚೀಚೆ ಮಾಡಿದ್ರೆ ಸರಿ ಹೊಡೆದವರಿಗೆ ತಪ್ಪು, ತಪ್ಪು ಹೊಡೆದವರಿಗೆ ಸರಿ. ಯಾರೋ ಕೈಯಾಡಿಸಿದಾರೆ.” ಅವನ ಕಣ್ಣು ನೇರ ತಂಗಿಯ ಮೇಲಿತ್ತು.

“ನಾನು ಅದನ್ನ ಮುಟ್ಟೇ ಇಲ್ಲ!” ತಂಗಿಯ ದನಿ ಒಡೆಯಿತು. “ಅಕ್ಕಾ, ನಿನ್ನಾಣೆ.”

“ಮುಟ್ಟದಿದ್ರೆ ತೆಗೆದು ತೋರಿಸು. ಮನೇಲಿರೋದು ನೀವಿಬ್ಬರೇ ತಾನೇ?”

ಮಾಲೀಕನೂ ಹುಬ್ಬೇರಿಸಿದ. ತಂಗಿ ರಿಮೋಟ್ ತೆಗೆದುಕೊಂಡಳು. ಒಂದು ಗುಂಡಿ ಒತ್ತಿದರೆ ಸಾಕು, ಅಕ್ಕನ ಕೆಲಸ ಅಕ್ಕನಿಗೆ ಉಳಿಯುತ್ತಿತ್ತು.

“ಬೇಡ.” ಅಕ್ಕ ರಿಮೋಟನ್ನು ಕಿತ್ತುಕೊಂಡಳು. “ಯಂತ್ರ ನೆಟ್ಟಗಿದೆ. ನನ್ನ ಕೈಯೇ ಕೆಟ್ಟಿದೆ. ಕೆಲಸ ಇವಳಿಗೇ ಕೊಡಿ.”

“ಏನಮ್ಮಾ ನಿನ್ನ ಮನಸ್ಸು!” ಪಿಯಾನೊ ತಾತನ ಕಣ್ಣು ತುಂಬಿತು. ತಂಗಿಯತ್ತ ಉಗಿಯುವಂತೆ ನೋಡಿ ಹೊರಗೆ ನಡೆದ. ಬ್ಯಾಂಡಿನ ಉಳಿದವರೂ ಅವಳಿಗೆ ಬೆನ್ನು ಹಾಕಿದರು. ತಂಗಿ ಅಕ್ಕನನ್ನು ತಬ್ಬಿಕೊಂಡು ಬಿಕ್ಕಿದಳು. “ನೀನಾದ್ರೂ ನನ್ನ ನಂಬ್ತೀಯಲ್ಲ ಅಕ್ಕ? ನಾನು ಮುಟ್ಟಿಲ್ಲ ಅಂತ ನಂಬ್ತೀಯಲ್ಲ?”

“ನಂಬ್ತೀನಿ” ಅಂದಳು ಅಕ್ಕ.

ನಂಬದೆ ಏನು? ತಂಗಿ ಸ್ನಾನಕ್ಕೆ ಹೋಗಿದ್ದ ಒಂದು ಮಧ್ಯಾಹ್ನ, ನಿಜವಾದ ಡ್ರಮ್ಮಿನ ಮುಂದೆ ಅವಳ ಕೈ ತಪ್ಪಲಿ ಅಂತ, ಇದೇ ರಿಮೋಟ್ ಹಿಡಿದು ಆ ಸೆಟ್ಟಿಂಗನ್ನು ಕೂದಲೆಳೆಯಷ್ಟು ಮುಂಚೆಗೆ ಸರಿಸಿದ್ದವಳು ಈ ಅಕ್ಕನೇ.