ನೆಲದ ಮೇಲಿಡದ ಮಚ್ಚು

ಹಸಿ ನೀಲಗಿರಿ ಕೋಲನ್ನು ಚೂಪು ಮಾಡುವಾಗ ಏಳುವ ಘಾಟು ಇಂದಿಗೂ ನನ್ನನ್ನು ಬಂಗಾರಪೇಟೆ ಬಳಿಯ ಆ ತೋಪಿಗೆ ಕರೆದೊಯ್ಯುತ್ತದೆ.

ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ದುಡಿದು ಉಬ್ಬಸ ಹೊತ್ತು ಮರಳಿದ್ದ ಅಪ್ಪ, ಅಂದು ಮಧ್ಯಾಹ್ನ ಟೊಮೇಟೊ ಗಿಡಗಳಿಗೆ ಆಸರೆಯ ಕೋಲು ಕಡಿಯುವುದನ್ನು ನನಗೆ ಕಲಿಸುತ್ತಿದ್ದರು. ಮಚ್ಚನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ಪಡೆದವರಿಗೂ ಜಗಳವಾಗುತ್ತದೆಂಬುದು ನಮ್ಮ ಮನೆಯ ನಂಬಿಕೆ. ಹಾಗಾಗಿ ಅವರು ಪ್ರತಿ ಸಲವೂ ಬಗ್ಗಿ ಅದನ್ನು ನೆಲದ ಮೇಲಿಡುತ್ತಿದ್ದರು, ನಾನು ಎತ್ತಿಕೊಳ್ಳುತ್ತಿದ್ದೆ.

"ಕಾಲ್ ಕಡೆ ಬೀಸ್ಬ್ಯಾಡ ಕಣಮ್ಮ. ಇಂಗೆ, ಆಚೆ ಕಡೆ ಬೀಸು," ಎಂದರು. ನಾನು ಕೆಳಗಿಟ್ಟ ಮಚ್ಚನ್ನು ಎತ್ತಿಕೊಂಡು, ನಾನು ಕೆತ್ತಿದ ತುದಿಯನ್ನು ತಿದ್ದುತ್ತಾ, "ಇಲಿ ಕಡ್ದಂಗೈತಲ್ಲಮ್ಮ!" ಎಂದು ನಕ್ಕರು. ನಗು ಕೆಮ್ಮಿಗೆ ತಿರುಗಿತು, ಕೆಮ್ಮು ನಿಲ್ಲಲಿಲ್ಲ. ಮರಕ್ಕೆ ಒರಗಿ, ಬಗ್ಗಲಾರದೆ, ಮಚ್ಚಿನ ಹಿಡಿಯನ್ನು ನನ್ನತ್ತ ಚಾಚಿದರು.

ನಾನು ಕೈ ಹಿಂದಕ್ಕೆಳೆದುಕೊಂಡೆ. "ಬ್ಯಾಡಪ್ಪಾ, ಕೆಳಗಿಡು. ಜಗಳ ಬತ್ತದೆ."

"ಬರ್ಲಿ ಬಿಡಮ್ಮ. ಜಗಳ ಆಡಕ್ಕಾದ್ರೂ ನಾನಿರ್ಬೇಕಲ್ಲ."

ಹಿಡಿ ಅವರ ಬೆವರಿನಿಂದ ಬೆಚ್ಚಗಿತ್ತು. ಉಳಿದ ಕೋಲುಗಳನ್ನೆಲ್ಲ ನಾನೇ ಕಡಿದೆ. ಅವರು ಕುಳಿತು ನೋಡಿದರು.

ಟೊಮೇಟೊ ಕೀಳುವ ಹೊತ್ತಿಗೆ ಆ ಕೋಲುಗಳು ಹೊಲದಲ್ಲಿ ನೆಟ್ಟಗೆ ನಿಂತಿದ್ದವು, ಅಪ್ಪ ಇರಲಿಲ್ಲ. ನಮ್ಮಿಬ್ಬರಿಗೆ ಜಗಳ ಆಗಲೇ ಇಲ್ಲ.